ನಾಲ್ಕನೇ ಪ್ಲೇಟು

ಉಪ್ಪಳದಲ್ಲಿ ನನ್ನ ಶೆಡ್ಡು ಈಗ ಮುಕ್ಕಾಲು ಮಾತ್ರ.
ಕಾಲು ಭಾಗ ಆರು ಪಥದ ಹೆದ್ದಾರಿಗೆ ಹೋಗಿದೆ.
ಆ ಮುಕ್ಕಾಲಿಗೆ ಹಗ್ಗ ಕಟ್ಟಿಸಿಕೊಂಡು ಬಂತು
ಸುಗಂಧಿಯಕ್ಕನ ವಿಲ್ಲಿಸ್ ಪಿಕಪ್,
ಅರುವತ್ತನಾಲ್ಕನೇ ಮಾಡೆಲ್.
ಹಿಂದಿನಿಂದ ತಳ್ಳುತ್ತ ಸಿನಾನ್, ಬಾಯಲ್ಲಿ ಬಬಲ್‌ಗಮ್ಮು.

ಮೂವತ್ತು ವರ್ಷ ಕಡಪ್ಪುರಕ್ಕೆ ಐಸು ಹೊತ್ತು,
ಮೀನು ಹೊತ್ತು ತಂದ ಗಾಡಿ.
ಬಂಗುಡೆಯ ಉಪ್ಪುನೀರು ಹಲಗೆಯ ಸಂದಿನಿಂದ
ತೊಟ್ಟು ತೊಟ್ಟಾಗಿ ಇಳಿದು
ಚಾಸಿಯ ಹೊಟ್ಟೆಯಲ್ಲಿ ಸಂಸಾರ ಹೂಡಿದೆ.

ಇಂಥದರ ಬೋಲ್ಟು ಬಿಚ್ಚುವುದೆಂದರೆ
ರಾತ್ರಿ ಡೀಸೆಲ್ ಕುಡಿಸಿ ಮಲಗಿಸಬೇಕು,
ಬೆಳಿಗ್ಗೆ ಗ್ಯಾಸು ಹಿಡಿದು ಕೆಂಪಗೆ ಮಾಡಬೇಕು,
ನಾಲ್ಕು ಮಾತು ಬೈಯಬೇಕು,
ಕೊನೆಗೆ ಕತ್ತರಿಸಿಯೇ ತೆಗೆಯಬೇಕು.

ಚೈನ್‌ಬ್ಲಾಕಿನಲ್ಲಿ ಕ್ಯಾಬಿನ್ ಮೇಲೆದ್ದಾಗ
ಐದು ಪೈಸೆಯ ಒಂದು ನಾಣ್ಯ, ಒಣಗಿದ ಸೀಗಡಿ,
ಯಾರದೋ ಕಿವಿಯ ಓಲೆಯ ತಿರುಪು ಉದುರಿತು.
ತಿರುಪನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿಟ್ಟೆ.

ಸುತ್ತಿಗೆ ತಟ್ಟುತ್ತ ಹೋಗು, ಸಿನಾನ್‌ಗೆ ಹೇಳಿದೆ,
ಕಣ್ಣು ಬೇಡ, ಕಿವಿಯಿಂದ ನೋಡು.
ಟಣ್ ಅಂದರೆ ಬಿಡು.
ಬದ್ ಅಂದರೆ ಚಾಕ್ ಗೀಟು.
ಸಂಜೆಗೆ ಚಾಸಿಯೆಲ್ಲ ಬಿಳಿ ಬಿಳಿ,
ಮಗ್ಗಿ ತಪ್ಪಿದ ಹುಡುಗನ ಸ್ಲೇಟು.

ಎಡಗಡೆ, ಮೂರನೇ ಅಡ್ಡಪಟ್ಟಿಯ ಹತ್ತಿರ
ಒಂದು ವೆಲ್ಡಿಂಗು,
ಜೋಡಿಸಿಟ್ಟ ನಾಣ್ಯದ ಸಾಲಿನಂತೆ ಒಂದರ ಮೇಲೊಂದು ಒರಗಿ.
ನೋಡಿದ ಕೂಡಲೇ ಗೊತ್ತಾಯಿತು:
ಕುಂಞಾಮು ಮೇಸ್ತ್ರಿ.
ರಾಡು ಮುಗಿಯುವ ತನಕ ಉಸಿರು ಬಿಡದವರು,
ನನ್ನ ಮೊದಲ ವೆಲ್ಡಿಂಗನ್ನು
ಕೋಳಿ ಕೆರೆದದ್ದಾ ಲಿಗೋರಿ, ಎಂದು ಕೇಳಿದವರು.
ಅವರ ಗೆರೆ ಈಗಲೂ ಟಣ್ ಎನ್ನುತ್ತದೆ.
ಅದರ ಆಚೆ ಈಚೆ ಹಿಡಿಯಲು ಕಬ್ಬಿಣವೇ ಇಲ್ಲ.
ಗ್ರೈಂಡರ್ ಎತ್ತಿದೆ, ಇಳಿಸಿದೆ,
ಚಾ ಕುಡಿದು ಬಂದು ಕತ್ತರಿಸಿದೆ.

ಆಮೇಲೆ ಹಿಂದಿನ ಎಡದ ಪ್ಲೇಟು ಸೆಟ್ಟು.
ಯೂ-ಬೋಲ್ಟು ತೆಗೆದು ಎಣಿಸಿದರೆ
ಒಂದು, ಎರಡು, ಮೂರು,
ನಾಲ್ಕನೆಯದು ತಾಳೆಮರದ ಸೀಳು!
ಗ್ರೀಸು ಕುಡಿದು ಕರ್ರಗಾಗಿ
ಉಕ್ಕಿನ ನಡುವೆ ಉಕ್ಕಿನವನ ಹಾಗೇ ಕೂತಿದೆ.

ಫೋನು ಮಾಡಿದೆ.
ಸುಗಂಧಿಯಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಮತ್ತೆ ಬಂದರು, ಪೇಪರಿನಲ್ಲಿ ಸುತ್ತಿದ ಒಂದು ಕತ್ತಿ ಹಿಡಿದು.
ಅಪ್ಪ ಮಾಡಿಸಿದ್ದು, ಐತ ಆಚಾರಿಯ ಕುಲುಮೆಯಲ್ಲಿ.
ತಾಟೆ ಮೀನು ಕೊಯ್ಯಲಿಕ್ಕೆ ಬೇರೆ ಉಕ್ಕು ಆಗುವುದಿಲ್ಲ ಅಂತ.
ಅಮ್ಮ ಇದರಲ್ಲೇ ನಮ್ಮನ್ನು ಸಾಕಿದಳು.
ಅಲಗು ಸವೆದು ಸವೆದು
ಬೆರಳಗಲ ಉಳಿದಿತ್ತು.

ಗಾಡಿ ಎಡಕ್ಕೆ ವಾಲುತ್ತಿತ್ತಲ್ಲ ಅಕ್ಕ, ಇಷ್ಟು ವರ್ಷ?
ಹೌದಾ?
ರಸ್ತೆಯೇ ಹಾಗೆ ಅಂತ ಇದ್ದೆವು ಮಾರಾಯ.

ಹಳೆಯ ಏಳು ಪ್ಲೇಟೇ ಹಾಕುವನಾ ಎಂದೆ.
ಬೇಡ, ಹೊಸ ನಮೂನೆಯದ್ದು ಹಾಕು,
ಇನ್ನು ಐಸು ಹೊರಲಿಕ್ಕೆ ಇಲ್ಲ, ಹೊರಬೇಕಾದ್ದು ನನ್ನ ಬೆನ್ನು.
ಹಾಗೆ ಬಂತು ಎರಡೇ ಎಲೆಯ ಪ್ಯಾರಾಬೊಲಿಕ್,
ಕೊಯಮತ್ತೂರಿನ ಶಾಕ್ ಅಬ್ಸಾರ್ಬರು,
ರಬ್ಬರು ಬುಷ್ಷು, ಮುಂದಕ್ಕೆ ಡಿಸ್ಕ್ ಬ್ರೇಕು.
ಚಾಸಿಗೆ ಒಳಗಿನಿಂದ ನಾಲ್ಕು ಎಂಎಂ ತಗಡು,
ಎರಡು ಕೈ ರೆಡ್ ಆಕ್ಸೈಡು, ಮೇಲೆ ಕಪ್ಪು,
ಅಡಿಗೆ ಮೂರು ತೂತು,
ಉಪ್ಪುನೀರು ಬಂದರೆ ಬಂದ ಹಾಗೇ ಹೋಗಲಿ.
ಮೂಲೆಯ ಕೊನೆಯ ವೆಲ್ಡಿಂಗು ಸಿನಾನ್‌ನದು.
ಕೋಳಿ ಕೆರೆದದ್ದಾ, ಎನ್ನಲು ಬಾಯಿ ತೆರೆದೆ.
ಉಸಿರು ಕಟ್ಟಿ ನಿಂತಿದ್ದ ಹುಡುಗ. ಬಿಟ್ಟೆ.

ಕ್ಯಾಬಿನ್ ಕೂರಿಸಿದ ದಿನ ನೀರುಮಟ್ಟ ಇಟ್ಟು ನೋಡಿದೆ,
ಗುಳ್ಳೆ ನಟ್ಟನಡುವೆ.

ಶಿರಿಯ ಸೇತುವೆ ತನಕ ಹೋಗಿ ಬಂದೆವು.
ಸ್ಟೇರಿಂಗ್ ಹಿಡಿದದ್ದು ಸುಗಂಧಿಯಕ್ಕ,
ಗಾಡಿ ಗೆರೆ ಎಳೆದ ಹಾಗೆ ನೆಟ್ಟಗೆ,
ಹೊಂಡ ಬಂದದ್ದು ಚಾದ ಗ್ಲಾಸಿಗೂ ತಿಳಿಯಲಿಲ್ಲ.
ಅಕ್ಕ ಮಾತ್ರ ಬಲಕ್ಕೆ ವಾಲಿ ಕೂತಿದ್ದರು,
ಬಾಗಿಲಿಗೆ ಹೆಗಲು ಕೊಟ್ಟು,
ಒಂದು ಗಾಡಿಯನ್ನು ಬೀಳದಂತೆ ಹಿಡಿದು.

ಏನೋ ಸರಿ ಇಲ್ಲ ಲಿಗೋರಿ, ಎಂದರು,
ಬಲಕ್ಕೆ ಎಳೆಯುತ್ತದೆ.

ನೋಡುವ ಅಕ್ಕ, ಎಂದೆ,
ಓಡಿದ ಹಾಗೆ ಸರಿಯಾಗುತ್ತದೆ.
ಬೆಂಕಿಪೆಟ್ಟಿಗೆ ತೆಗೆದು ಕೊಟ್ಟೆ.